ಅಪ್ಪನ ಕಾಲಿಗೆ ಬಲೂನ್ ಈಗಲೇ ಬೇಡ

ಲೀಡ್ಸ್, ಭಾನುವಾರ

ಅಮ್ಮಾ, ನಮಸ್ಕಾರ. ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಕಾಗದ, ತಮ್ಮ ಕಳಿಸಿದ ಸ್ಕ್ಯಾನ್ ರಿಪೋರ್ಟು ಎರಡೂ ಸಿಕ್ಕಿದವು.

ಸಪೂರ ಆದ ರಕ್ತನಾಳವನ್ನು ಒಳಗಿಂದ ಅಗಲ ಮಾಡುವ ಬಲೂನ್ (ಆಂಜಿಯೋಪ್ಲಾಸ್ಟಿ) ಹಾಕಿಸಲು ತೋಟ ಅಡವಿಡುವ ಮಾತು ಬಿಡಿ. ಬದಿಯಡ್ಕದಲ್ಲಿ ಬಸ್ಸಿಳಿದು ಏರು ಹತ್ತುವಾಗ ಅಪ್ಪನ ಮೀನಖಂಡ ಹಿಡಿಯುವುದು, ನಿಂತ ಎರಡು ಮೂರು ನಿಮಿಷಕ್ಕೆ ಬಿಡುವುದು ತೊಡೆಯ ರಕ್ತನಾಳ ಸಪೂರ ಆದದ್ದರಿಂದ. ಬೆನ್ನಿನ ನರದ ನೋವಾಗಿದ್ದರೆ ಕೂರಬೇಕು, ಇಲ್ಲವೇ ಮುಂದೆ ಬಗ್ಗಬೇಕು. ಬರೇ ನಿಂತರೆ ಹೋಗುವುದಿಲ್ಲ. ಕಾಲಿನ ಬಿ.ಪಿ.ಯನ್ನು ಕೈಯ ಬಿ.ಪಿ.ಯಿಂದ ಭಾಗಿಸಿದ ಲೆಕ್ಕ 0.68 ಬಂದಿದೆ. 0.9ಕ್ಕಿಂತ ಕಡಿಮೆಯಾದರೆ ನಾಳದ ತೊಂದರೆ ಹೌದು, ಆದರೆ ಕಾಲು ಹೋಗುತ್ತದೆ ಎಂದಲ್ಲ.

ಇಂಥವರಿಗೆ ಇಲ್ಲಿ ಮೊದಲು ಬರೆದುಕೊಡುವ ಮದ್ದು ನಡಿಗೆ. ಆಸ್ಪತ್ರೆಯಲ್ಲೇ ಅದಕ್ಕೆ ಕ್ಲಾಸು ಇದೆ, ಎಂಬತ್ತರ ಅಜ್ಜಂದಿರೂ ಗಡಿಯಾರ ನೋಡಿಕೊಂಡು ನಡೆಯುತ್ತಾರೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಇಂಗ್ಲೆಂಡಿನ ಡಾಕ್ಟರುಗಳಿಗೆ ಹೇಳುವ ನೈಸ್ ಸಂಸ್ಥೆಯ 2012ರ ಮಾರ್ಗಸೂಚಿಯೂ ವಾರಕ್ಕೆ 2 ಗಂಟೆ, 3 ತಿಂಗಳು ಎನ್ನುತ್ತದೆ. ಗುಣ ಕಾಣದಿದ್ದರೆ ಆಮೇಲೆ ಬಲೂನ್.

ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿದೆಯಲ್ಲ, ಅಲ್ಲೇ ಒಂದು ಕುರ್ಚಿ ಇಡಿ. ನೋವು ಶುರುವಾದ ಕೂಡಲೇ ನಿಲ್ಲಬಾರದು, ಜೋರಾಗುವವರೆಗೆ ನಡೆಯಬೇಕು. ಕೂತು, ನೋವು ಪೂರ್ತಿ ಇಳಿದ ಮೇಲೆ ಮತ್ತೆ ಹೊರಡಬೇಕು. ಕೂತ ಹೊತ್ತೂ ಸೇರಿ ಮೊದಲು 30 ನಿಮಿಷ, ಬರಬರುತ್ತಾ ಒಂದು ಗಂಟೆ, ವಾರಕ್ಕೆ 3 ದಿನವಾದರೂ. ಒಂದೇ ಉಸಿರಿಗೆ 8–10 ನಿಮಿಷ ನಡೆಯಲಾದರೆ ವೇಗ ಹೆಚ್ಚಿಸಿ. ಹೆಚ್ಚಿನವರು ತಪ್ಪುವುದು ಎರಡು ಕಡೆ: ನೋವಿಗೆ ಹೆದರಿ ಬೇಗ ನಿಲ್ಲುತ್ತಾರೆ, ತಿಂಗಳಲ್ಲಿ ಗುಣವಿಲ್ಲವೆಂದು ಬಿಡುತ್ತಾರೆ. ಆ ನೋವಿನಿಂದ ನಾಳ ಹಾಳಾಗುವುದಿಲ್ಲ. ಸ್ನಾಯು ಸಿಕ್ಕಿದಷ್ಟೇ ರಕ್ತದಲ್ಲಿ ಹೆಚ್ಚು ಕೆಲಸ ಮಾಡಲು ಕಲಿಯುತ್ತದೆ. ಎದೆ ನೋವು ಬಂದರೆ ಮಾತ್ರ ತಕ್ಷಣ ನಿಲ್ಲಬೇಕು. ಮನೆಯಲ್ಲಿ ಒಬ್ಬರೇ ನಡೆದರೆ ಕ್ಲಾಸಿನಷ್ಟು ಫಲವಿಲ್ಲ, ಹಾಗಾಗಿ ತಮ್ಮ ಜೊತೆಗಿದ್ದು ನಿಮಿಷ ಬರೆದಿಡಲಿ.

ಬಲೂನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ನೋವು ಬೇಗ ಇಳಿಯುತ್ತದೆ. ಆದರೆ ತೊಡೆಯ ನಾಳ ಮತ್ತೆ ಸಪೂರ ಆಗುವುದುಂಟು, ತೊಡೆಸಂದಿಯಲ್ಲಿ ಚುಚ್ಚಿದಲ್ಲಿ ರಕ್ತ ಸೋರಬಹುದು, ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಚುಚ್ಚುವ ಬಣ್ಣದ ಮದ್ದು ಸಕ್ಕರೆ ಕಾಯಿಲೆಯವರ ಕಿಡ್ನಿಗೆ ಭಾರವಾಗಬಹುದು. ಅದು ಮಾಡಿಸಿದ ಮೇಲೂ ನಡೆಯಲೇಬೇಕು.

ಎಲೆಅಡಿಕೆಯ ಹೊಗೆಸೊಪ್ಪು ಪೂರ್ತಿ ನಿಲ್ಲಲಿ, ಇದರಲ್ಲಿ ರಿಯಾಯಿತಿ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್, ಕೊಲೆಸ್ಟ್ರಾಲ್ ಮಾತ್ರೆ ತಪ್ಪಿಸಬೇಡಿ. ತೋಟಕ್ಕೆ ಬರಿಗಾಲಲ್ಲಿ ಹೋಗದಿರಲಿ.

ರಾತ್ರಿ ಮಲಗಿದಾಗ ಬೆರಳು ನೋಯುತ್ತಾ ಕಾಲು ಕೆಳಗೆ ಇಳಿಬಿಟ್ಟರೆ ಹಾಯೆನಿಸಿದರೆ, ಹುಣ್ಣು ಮಾಗದಿದ್ದರೆ, ಬೆರಳು ಕಪ್ಪಾದರೆ ಮೂರು ತಿಂಗಳು ಕಾಯುವ ಮಾತಿಲ್ಲ, ಬೇಗ ಡಾಕ್ಟರಿಗೆ ತೋರಿಸಿ. ಕಾಲು ಫಕ್ಕನೆ ತಣ್ಣಗಾಗಿ ಬಿಳಿಚಿ ಜೋಮು ಹಿಡಿದರೆ ಆ ಕ್ಷಣವೇ ಕಾರು ಮಾಡಿ ಮಂಗಳೂರಿಗೆ ಹೋಗಿ, ನನ್ನ ಫೋನಿಗೆ ಕಾಯಬೇಡಿ.

ಈಗ ಅಂಥದ್ದೇನೂ ಇಲ್ಲ, ಏನೇನೂ ಇಲ್ಲ, ನೀನು ನಿದ್ದೆಗೆಡಬೇಡ. ಡ್ಯೂಟಿಗೆ ಹೊತ್ತಾಯಿತು. ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಮಗಳು