ಹೆಸರು ತಿಳಿಯದ ಹಿರಿಯರಿಗೊಂದು ಧನ್ಯವಾದ

ಧಾರವಾಡದ ಕೃಷಿ ಮೇಳದಲ್ಲಿ ಬೀಜದ ಮಳಿಗೆಯ ಮುಂದೆ ಸರದಿಯಲ್ಲಿ ನಿಂತಿದ್ದಾಗ, ಕೈತೋಟದ ಸಸಿಗಳಿಗೆ ಹೆಚ್ಚು ಖರ್ಚಿಲ್ಲದೆ ಹೆಸರು ಬರೆದ ಗುರುತುಪಟ್ಟಿ ಮಾಡುವ ಬಗೆಯನ್ನು ತಾಳ್ಮೆಯಿಂದ ವಿವರಿಸಿದ ಹಿರಿಯರೊಬ್ಬರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತೇನೆ.

ಎಲೆಕೋಸು, ಹೂಕೋಸು, ನವಿಲುಕೋಸುಗಳ ಬೀಜವಾಗಲಿ ಎಳೆಯ ಸಸಿಯಾಗಲಿ ನೋಟಕ್ಕೆ ಒಂದೇ ತೆರನಾಗಿರುತ್ತವೆ; ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ ಮತ್ತು ಡಬ್ಬಿ ತಳಿಗಳೂ ಕಾಯಿ ಬಿಡುವವರೆಗೆ ಗುರುತು ಕೊಡುವುದಿಲ್ಲ. ಮಾರ್ಕರ್ ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ, ಆದರೆ ಪೆನ್ಸಿಲ್ಲಿನ ಗ್ರಾಫೈಟ್ ಇಂಗಾಲವೇ ಆಗಿರುವುದರಿಂದ ಬಣ್ಣಗೆಡುವುದಿಲ್ಲ ಎಂದು ಅವರು ತಿಳಿಸಿದರು. ಖಾಲಿ ಮೊಸರಿನ ಡಬ್ಬಿಯನ್ನು ಪಟ್ಟಿಗಳಾಗಿ ಕತ್ತರಿಸಿ, ನುಣುಪು ಹೋಗುವಂತೆ ಉಸುಕಿನ ಕಾಗದದಿಂದ ತುಸು ಉಜ್ಜಿ, ಪೆನ್ಸಿಲ್ಲಿನಿಂದ ಬರೆದರೆ ಒಂದು ಹಂಗಾಮಿಗೆ ಸಾಕು.

ಕರಿಬೇವು, ನುಗ್ಗೆಯಂತಹ ಬಹುಕಾಲದ ಗಿಡಗಳಿಗೆ ಅವರು ಹೇಳಿದ ಉಪಾಯ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತೆಳುವಾದ ತಗಡನ್ನು ಕತ್ತರಿಸಿ, ಹರಿತವಾದ ಅಂಚುಗಳನ್ನು ಒಳಕ್ಕೆ ಮಡಚಿ, ಹಳೆಯ ಪತ್ರಿಕೆಗಳ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆದಾಗ ಅಕ್ಷರಗಳು ತಗಡಿನಲ್ಲೇ ತಗ್ಗಾಗಿ ಮೂಡುತ್ತವೆ. ಅಲ್ಲಿ ಶಾಯಿಯೇ ಇಲ್ಲದ್ದರಿಂದ ಮಳೆಗೆ ತೊಳೆದುಹೋಗುವ ಮಾತೇ ಇಲ್ಲ. ಅದನ್ನು ಕಾಂಡಕ್ಕೆ ಸಡಿಲವಾಗಿ ಕಟ್ಟಬೇಕು, ಬಿಗಿದರೆ ಗಿಡ ದಪ್ಪವಾದಂತೆ ತೊಗಟೆ ಕೊರೆಯುತ್ತದೆ ಎಂಬ ಎಚ್ಚರಿಕೆಯನ್ನೂ ಅವರು ಮರೆಯದೆ ಕೊಟ್ಟರು.

ಬೀಜದ ಪೊಟ್ಟಣದ ಮೇಲೆ ತಳಿಯ ಹೆಸರಿನೊಂದಿಗೆ ಕೊಯ್ದ ತಿಂಗಳು, ವರ್ಷವನ್ನೂ ಬರೆಯಬೇಕೆಂಬ ಅವರ ಸಲಹೆಯಿಂದ, ಬೇಗ ಮೊಳಕೆಶಕ್ತಿ ಕಳೆದುಕೊಳ್ಳುವ ಉಳ್ಳಾಗಡ್ಡಿ ಬೀಜವನ್ನು ಮೊದಲು ಬಿತ್ತುವುದು ನನಗೆ ಸಾಧ್ಯವಾಗಿದೆ. ಆ ಹಿರಿಯರು ಇದನ್ನು ಓದುವಂತಾದರೆ, ಹೆಸರು ಬರೆದಿಟ್ಟ ಕಡ್ಡಿ ಮೆಣಸಿನಕಾಯಿಯ ಬೀಜವನ್ನು ದಯವಿಟ್ಟು ನನ್ನಿಂದ ಸ್ವೀಕರಿಸಬೇಕೆಂದು ವಿನಂತಿಸುತ್ತೇನೆ.