ಎರಡು ಬಣ್ಣದ ಡೆಕ್ಕಿಗೆ ಸಮಪಾಲು ಸಲ್ಲದು

ಮಾನ್ಯ ಸಂಪಾದಕರಿಗೆ,

ತಮ್ಮ ಭಾನುವಾರದ ಪುರವಣಿಯಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟದ ಕುರಿತು ಬಂದ ಪರಿಚಯ ಲೇಖನವನ್ನು ನಾನೂ ನನ್ನ ಮಗಳೂ ಒಟ್ಟಿಗೆ ಕುಳಿತು ಓದಿದೆವು. ಕನ್ನಡ ಪತ್ರಿಕೆಯೊಂದು ಈ ಆಟಕ್ಕೆ ಅರ್ಧ ಪುಟ ಮೀಸಲಿಟ್ಟದ್ದು ಸಂತೋಷದ ಸಂಗತಿ. ಆದರೆ ಲೇಖನದ ಕೊನೆಯಲ್ಲಿ ಚೌಕಟ್ಟು ಹಾಕಿ ಕೊಟ್ಟ ಸಲಹೆ, ಅಂದರೆ ಎರಡು ಬಣ್ಣಗಳನ್ನು ಆರಿಸಿ, ಎರಡರಲ್ಲಿಯೂ ಇರುವ ಬಲವಾದ ಕಾರ್ಡ್‌ಗಳನ್ನೆಲ್ಲ ಸೇರಿಸಿ, ಉಳಿದ ಕಾರ್ಡ್‌ಗಳನ್ನು ಆಡಲು ಶಕ್ತಿ ಒದಗಿಸುವ 24 ‘ಲ್ಯಾಂಡ್’ ಕಾರ್ಡ್‌ಗಳನ್ನು ಹನ್ನೆರಡು ಹನ್ನೆರಡಾಗಿ ಹಂಚಿಬಿಡಿ ಎಂಬ ಮಾತು, ಮನೆಯಲ್ಲಿ ಕಾಲಹರಣಕ್ಕೆ ಆಡುವವರಿಗೆ ಸಾಕಾದೀತೇ ಹೊರತು ಸ್ಪರ್ಧೆಗೆ ಹೋಗುವ ಹುಡುಗ ಹುಡುಗಿಯರನ್ನು ದಾರಿ ತಪ್ಪಿಸುತ್ತದೆ. ಎರಡು ವರ್ಷದ ಹಿಂದೆ ನಾವೂ ಇದೇ ಸಲಹೆಯನ್ನು ಯಾರಿಂದಲೋ ಕೇಳಿ ಅದರಂತೆಯೇ ಡೆಕ್, ಅಂದರೆ ಆಡುವ ಕಾರ್ಡ್‌ಗಳ ಕಟ್ಟು, ಸಿದ್ಧಪಡಿಸಿ ಸೋತವರು. ಆದ್ದರಿಂದಲೇ ಈ ಪತ್ರ.

ಆಟ ಗೊತ್ತಿಲ್ಲದ ಓದುಗರಿಗಾಗಿ ಒಂದೆರಡು ಮಾತು ಹೇಳಲೇಬೇಕು. ಇಸ್ಪೀಟಿನಲ್ಲಿ ಕಟ್ಟು ಎಲ್ಲರಿಗೂ ಸೇರಿದ್ದು; ಇಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ಕಟ್ಟನ್ನು ಮನೆಯಲ್ಲೇ ಕಟ್ಟಿಕೊಂಡು ಬರುತ್ತಾನೆ. ಅದರಲ್ಲಿ ಕನಿಷ್ಠ 60 ಕಾರ್ಡ್‌ಗಳಿರಬೇಕು, ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಐದು ಬಣ್ಣಗಳು. ಲ್ಯಾಂಡ್ ಕಾರ್ಡ್‌ಗಳಿಂದ ಆಯಾ ಬಣ್ಣದ ‘ಮಾನಾ’ ಹುಟ್ಟುತ್ತದೆ (ನಮ್ಮ ಮಾನಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಸಮಯಕ್ಕೆ ಇದು ಇಲ್ಲದಿದ್ದರೆ ಹೋಗುವುದು ಮಾನವೇ), ಆ ಮಾನಾ ತೆತ್ತು ಉಳಿದ ಕಾರ್ಡ್‌ಗಳನ್ನು ಪ್ರಯೋಗಿಸಬೇಕು; ಹೀಗೆ ಪ್ರಯೋಗಿಸುವ ಕಾರ್ಡೇ ‘ಮಂತ್ರ’, ಅವುಗಳಲ್ಲಿ ಮೇಜಿಗಿಳಿದು ಹೋರಾಡುವಂಥದ್ದು ‘ಜೀವಿ’. ಒಂದು ಸರದಿಗೆ ಒಂದೇ ಲ್ಯಾಂಡ್ ಇಳಿಸಬಹುದು. 1993ರಲ್ಲಿ ಹೊರಬಂದ ಈ ಆಟವನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ, ಅದರಲ್ಲಿಯೂ ಎಣಿಕೆಯ ಗಣಿತದಲ್ಲಿ, ಡಾಕ್ಟರೇಟ್ ಪಡೆದವರು. ಪಿಯುಸಿ ಮಕ್ಕಳಿಗೆ ಕ್ರಮಯೋಜನೆ ಮತ್ತು ವಿಕಲ್ಪಗಳನ್ನು ಪಾಠ ಮಾಡುವ ನನಗೆ ಈ ಸಂಗತಿ ತಿಳಿದ ದಿನದಿಂದ ಮಗಳ ಆಟದ ಮೇಲಿದ್ದ ಅಸಮಾಧಾನ ಕಡಿಮೆಯಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ನಮ್ಮ ಡೆಕ್ ನೀಲಿ ಮತ್ತು ಕೆಂಪಿನದು. 2005ರಲ್ಲಿ ಬಂದ ‘ರಾವ್ನಿಕಾ’ ಸರಣಿಯ ಕಾಲದಿಂದ ಆಟಗಾರರು ಈ ಜೋಡಿಯನ್ನು ‘ಇಝೆಟ್’ ಎಂದು ಕರೆಯುತ್ತಾರೆ. ಐದು ಬಣ್ಣಗಳಿಂದಾಗುವ ಹತ್ತು ಜೋಡಿಗಳಿಗೂ ಹೀಗೆ ಒಂದೊಂದು ಹೆಸರಿದೆ. ಜೋಡಿಯನ್ನು ಆರಿಸುವಾಗ ನೋಡಬೇಕಾದದ್ದು ಎರಡರ ಬಲವನ್ನಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆಯೇ ಎಂಬುದನ್ನು. ನೀಲಿಗೆ ಎದುರಾಳಿಯ ಮಂತ್ರವನ್ನು ಬರುವಾಗಲೇ ತಡೆಯುವ ಶಕ್ತಿಯಿದೆ, ಆದರೆ ಒಮ್ಮೆ ಮೇಜಿಗಿಳಿದ ಜೀವಿಯನ್ನು ಕೊಲ್ಲುವುದು ಅದಕ್ಕೆ ಕಷ್ಟ. ಕೆಂಪು ಅದನ್ನು ಸುಟ್ಟುಹಾಕುತ್ತದೆ, ಆದರೆ ನಾಲ್ಕೈದು ಸರದಿಯಲ್ಲಿ ಕೈ ಬರಿದು ಮಾಡಿಕೊಂಡು ಕೂರುತ್ತದೆ. ಆಗ ಹೊಸ ಕಾರ್ಡ್ ಎಳೆದುಕೊಡುವುದು ಮತ್ತೆ ನೀಲಿಯೇ. ಮೇಜಿನ ಮೇಲೆ ಕುಳಿತು ಪ್ರಭಾವ ಬೀರುತ್ತಲೇ ಇರುವ ‘ಎನ್‌ಚಾಂಟ್‌ಮೆಂಟ್’ ಕಾರ್ಡ್‌ಗಳನ್ನು ನಾಶಪಡಿಸುವುದರಲ್ಲಿ ಎರಡೂ ದುರ್ಬಲ, ಈ ಕೊರತೆಯನ್ನು ತಿಳಿದೇ ಆಡಬೇಕು.

ಈಗ ಹನ್ನೆರಡು ಹನ್ನೆರಡರ ಲೆಕ್ಕಕ್ಕೆ ಬರುತ್ತೇನೆ. ‘ಲೈಟ್ನಿಂಗ್ ಬೋಲ್ಟ್’ ಎಂಬ ಕೆಂಪು ಕಾರ್ಡಿಗೆ ಒಂದು ಕೆಂಪು ಮಾನಾ ಸಾಕು, ಅದು ಮೂರು ಅಂಶದ ಪೆಟ್ಟು ಕೊಡುತ್ತದೆ. ಎದುರಾಳಿಯ ಮಂತ್ರವನ್ನು ತಡೆಯುವ ‘ಕೌಂಟರ್‌ಸ್ಪೆಲ್’ ಎಂಬ ನೀಲಿ ಕಾರ್ಡಿಗೆ ಎರಡು ಮಾನಾ ಬೇಕು ಮತ್ತು ಆ ಎರಡೂ ನೀಲಿಯೇ ಆಗಿರಬೇಕು. ಆಟ ಶುರುಮಾಡುವವನು ಏಳು ಕಾರ್ಡ್ ಹಿಡಿದು, ಎರಡನೆಯ ಸರದಿಯ ಹೊತ್ತಿಗೆ ಒಟ್ಟು ಎಂಟು ಕಾರ್ಡ್ ನೋಡಿರುತ್ತಾನೆ. 60ರಲ್ಲಿ 12 ನೀಲಿ ಲ್ಯಾಂಡ್ ಇದ್ದರೆ, ಆ ಎಂಟರಲ್ಲಿ ಒಂದೂ ನೀಲಿ ಲ್ಯಾಂಡ್ ಇಲ್ಲದಿರುವ ಸಂಭವನೀಯತೆ ನೂರಕ್ಕೆ ಸುಮಾರು 15. ಕನಿಷ್ಠ ಎರಡು ಇರುವ ಸಂಭವನೀಯತೆ ನೂರಕ್ಕೆ 51 ಮಾತ್ರ. ಅಂದರೆ ನಾಣ್ಯ ಚಿಮ್ಮಿ ಕೌಂಟರ್‌ಸ್ಪೆಲ್ ಆಡಿದಂತಾಯಿತು. ಬೆಂಗಳೂರಿನ ಅಂಗಡಿಯೊಂದರಲ್ಲಿ ನಡೆದ ಮೊದಲ ಪಂದ್ಯದಲ್ಲಿ ನನ್ನ ಮಗಳ ಕೈಯಲ್ಲಿ ಎರಡು ಕೌಂಟರ್‌ಸ್ಪೆಲ್ ಇದ್ದವು, ಮುಂದೆ ಮೂರು ‘ಮೌಂಟನ್’, ಅಂದರೆ ಕೆಂಪು ಮಾನಾ ಕೊಡುವ ಲ್ಯಾಂಡ್‌ಗಳು, ಸಾಲಾಗಿ ಮಲಗಿದ್ದವು. ಎದುರಾಳಿ ಒಂದೊಂದೇ ಜೀವಿಯನ್ನು ಇಳಿಸುತ್ತ ಹೋದಾಗ ಅವಳು ಆ ಎರಡು ಕಾರ್ಡ್‌ಗಳ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತಿದ್ದಳು, ಅಷ್ಟೇ. ಕಾರ್ಡ್‌ಗಳು ಒಳ್ಳೆಯವೇ ಆಗಿದ್ದವು, ತಪ್ಪು ಡೆಕ್ ಕಟ್ಟಿದವರಾದ ನಮ್ಮದು.

ಇದಕ್ಕೆ ಪರಿಹಾರ ಎರಡೂ ಬಣ್ಣ ಕೊಡುವ ಲ್ಯಾಂಡ್‌ಗಳು. ಇವುಗಳಲ್ಲಿ ಅತಿ ಹಳೆಯದಾದ, 1993ರ ‘ವಾಲ್ಕ್ಯಾನಿಕ್ ಐಲ್ಯಾಂಡ್’ ಯಾವ ಷರತ್ತೂ ಇಲ್ಲದೆ ನೀಲಿಯನ್ನಾಗಲಿ ಕೆಂಪನ್ನಾಗಲಿ ಕೊಡುತ್ತದೆ. ಮತ್ತೆ ಮುದ್ರಿಸುವುದಿಲ್ಲವೆಂದು ಕಂಪನಿ ಮಾತು ಕೊಟ್ಟಿರುವುದರಿಂದ ಅದರ ಬೆಲೆ ಕೇಳುವುದೂ ಬೇಡ. 2006ರ ‘ಸ್ಟೀಮ್ ವೆಂಟ್ಸ್’ ಕೂಡಲೇ ಕೆಲಸಕ್ಕೆ ಬರಬೇಕಾದರೆ ನಮ್ಮ ಇಪ್ಪತ್ತು ಜೀವಾಂಶಗಳಲ್ಲಿ ಎರಡನ್ನು ಕೇಳುತ್ತದೆ. ನಾವು ಆಡುವುದು ‘ಪಾಪರ್’ ಎಂಬ ಪದ್ಧತಿ. ಸಾಮಾನ್ಯ ದರ್ಜೆಯಲ್ಲಿ ಎಂದಾದರೂ ಮುದ್ರಣಗೊಂಡ ಕಾರ್ಡ್‌ಗಳಿಗೆ ಮಾತ್ರ ಅಲ್ಲಿ ಪ್ರವೇಶ, ಆದ್ದರಿಂದ ಉಪನ್ಯಾಸಕನ ಸಂಬಳಕ್ಕೆ ಒಗ್ಗುತ್ತದೆ. ಅಲ್ಲಿ ನಮಗೆ ಸಿಗುವವು ‘ಸ್ವಿಫ್ಟ್‌ವಾಟರ್ ಕ್ಲಿಫ್ಸ್’, ‘ಇಝೆಟ್ ಗಿಲ್ಡ್‌ಗೇಟ್’ ಮುಂತಾದವು. ಇವು ಇಳಿದ ಸರದಿಯಲ್ಲಿ ಮಾನಾ ಕೊಡುವುದಿಲ್ಲ, ಒಂದು ಸರದಿ ಕಾಯಬೇಕು. ಹೀಗೆ ಎರಡನೆಯ ಬಣ್ಣಕ್ಕೆ ಹಣದಲ್ಲೋ ಜೀವಾಂಶದಲ್ಲೋ ಕಾಲದಲ್ಲೋ ಬೆಲೆ ತೆರಲೇಬೇಕು.

ಅವಳು ಈಗ ಆಡುವ ಡೆಕ್ಕಿನಲ್ಲಿ ಇಂಥ ಜೋಡಿ ಲ್ಯಾಂಡ್ ಎಂಟು, ನೀಲಿಯ ‘ಐಲ್ಯಾಂಡ್’ ಎಂಟು, ಮೌಂಟನ್ ಆರು, ಒಟ್ಟು 22. ಹಿಂದಿಗಿಂತ ಎರಡು ಲ್ಯಾಂಡ್ ಕಡಿಮೆಯಿದ್ದರೂ, ಜೋಡಿ ಲ್ಯಾಂಡ್ ಎರಡೂ ಬಣ್ಣದ ಲೆಕ್ಕಕ್ಕೆ ಸೇರುವುದರಿಂದ, ನೀಲಿ ಮಾನಾಕ್ಕೆ 16 ಮೂಲಗಳಾದವು, ಕೆಂಪಿಗೆ 14. ಎಂಟು ಕಾರ್ಡ್‌ಗಳಲ್ಲಿ ನೀಲಿ ಮೂಲವೇ ಇಲ್ಲದಿರುವ ಸಂಭವನೀಯತೆ ನೂರಕ್ಕೆ 15ರಿಂದ 7ಕ್ಕೆ ಇಳಿಯಿತು, ಎರಡು ನೀಲಿ ಮೂಲ ಸಿಗುವುದು 51ರಿಂದ 69ಕ್ಕೆ ಏರಿತು. ತಡವಾಗಿ ಕೆಲಸಕ್ಕೆ ಬರುವ ಲ್ಯಾಂಡಿನಿಂದಾಗುವ ವಿಳಂಬ ಈ ಲೆಕ್ಕದಲ್ಲಿ ಸೇರಿಲ್ಲವೆಂಬುದು ನಿಜ; ಆದರೂ ವ್ಯತ್ಯಾಸ ಮೇಜಿನ ಮೇಲೆ ಕಣ್ಣಿಗೆ ಕಾಣುವಷ್ಟಿದೆ.

ಲ್ಯಾಂಡ್ ಹಂಚಿಕೆಗಿಂತ ಮುಖ್ಯವಾದದ್ದು ಲೇಖನದಲ್ಲಿ ಬಾರದೇ ಹೋದ ಒಂದು ತತ್ವ. ಎರಡು ಬಣ್ಣದ ಡೆಕ್ಕಿನಲ್ಲಿ ಒಂದು ಬಣ್ಣ ಮನೆಯ ಯಜಮಾನ, ಇನ್ನೊಂದು ನೆಂಟ. ಮೊದಲ ಮೂರು ಸರದಿಗಳಲ್ಲಿ ಒಂದೇ ಬಣ್ಣದ ಎರಡೆರಡು ಮಾನಾ ಕೇಳುವ ಹಕ್ಕು ಯಜಮಾನನಿಗೆ ಮಾತ್ರ ಇರಬೇಕು, ನೆಂಟನ ಕಾರ್ಡ್‌ಗಳು ಒಂದೊಂದೇ ಮಾನಾದಲ್ಲಿ ತೃಪ್ತಿಪಟ್ಟುಕೊಳ್ಳಬೇಕು. ನಮ್ಮಲ್ಲಿ ಯಜಮಾನ ನೀಲಿ. ಮೊದಲ ಸರದಿಯಲ್ಲಿ ಒಂದು ನೀಲಿ ಮಾನಾ ಸಿಕ್ಕರೆ ‘ಪ್ರಿಆರ್ಡೇನ್’ ಆಡಿ, ಕಟ್ಟಿನ ಮೇಲಿನ ಎರಡು ಕಾರ್ಡ್ ನೋಡಿ, ಬೇಡದ್ದನ್ನು ಅಡಿಗೆ ತಳ್ಳಿ ಒಂದನ್ನು ಎಳೆದುಕೊಳ್ಳಬಹುದು; ಕೈಯಲ್ಲಿಲ್ಲದ ಕೆಂಪು ಲ್ಯಾಂಡನ್ನು ಹುಡುಕುವ ದಾರಿಯೂ ಅದೇ. ಯಜಮಾನ ಬಾಗಿಲು ತೆಗೆದರೆ ತಾನೇ ನೆಂಟ ಒಳಗೆ ಬರುವುದು? ಇದೇ ಕಾರಣಕ್ಕೆ ಮಗಳಿಗೆ ಬಹಳ ಇಷ್ಟವಾದ ‘ಫೈರ್‌ಬ್ಲಾಸ್ಟ್’ ಕಾರ್ಡನ್ನು ಹೊರಗಿಡಬೇಕಾಯಿತು. ಅದನ್ನು ಮಾನಾ ತೆರದೆ, ಎರಡು ಮೌಂಟನ್‌ಗಳನ್ನು ಬಲಿಕೊಟ್ಟು ಆಡಬಹುದು, ಪೆಟ್ಟು ನಾಲ್ಕು ಅಂಶ. ಹನ್ನೆರಡು ಮೌಂಟನ್ ಇದ್ದಾಗ ಅದು ನಡೆಯುತ್ತಿತ್ತು. ಈಗ ಇರುವುದು ಆರು. ಗಿಲ್ಡ್‌ಗೇಟ್ ಕೆಂಪು ಮಾನಾ ಕೊಟ್ಟರೂ ಮೌಂಟನ್ ಎನಿಸಿಕೊಳ್ಳುವುದಿಲ್ಲ. ಆ ಕಾರ್ಡ್‌ಗಳನ್ನು ಡೆಕ್ಕಿನಿಂದ ತೆಗೆಯಲು ಅವಳು ಎರಡು ವಾರ ತೆಗೆದುಕೊಂಡಳು.

‘ಬಲವಾದ ಕಾರ್ಡ್‌ಗಳನ್ನೆಲ್ಲ ಸೇರಿಸಿ’ ಎಂಬ ಮಾತಿನಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ಓದಿದವರು ಮೂವತ್ತು ಬಗೆಯ ಕಾರ್ಡ್‌ಗಳನ್ನು ಒಂದೊಂದಾಗಿ ತುಂಬುತ್ತಾರೆ. ಒಂದು ಕಾರ್ಡಿನ ಒಂದೇ ಪ್ರತಿ ಇದ್ದರೆ ಮೊದಲ ಏಳರಲ್ಲಿ ಅದು ಬರುವ ಸಂಭವನೀಯತೆ ನೂರಕ್ಕೆ 12ರೊಳಗೆ, ನಾಲ್ಕು ಪ್ರತಿ ಇದ್ದರೆ ನೂರಕ್ಕೆ 40. ಯಾವ ಕಾರ್ಡನ್ನು ನಂಬಿ ಡೆಕ್ ಕಟ್ಟುತ್ತೀರೋ ಅದು ನಾಲ್ಕಿರಲಿ. 61ನೆಯ ಕಾರ್ಡಿಗೆ ಆಸೆಪಡುವುದು ಬೇಡ.

ಸ್ಪರ್ಧೆಯ ಪಂದ್ಯ ಮೂರು ಆಟಗಳದ್ದು, ಎರಡು ಗೆದ್ದವನು ವಿಜಯಿ. ನಡುವೆ ಬದಲಾಯಿಸಿಕೊಳ್ಳಲು ಹದಿನೈದು ಕಾರ್ಡ್‌ಗಳ ಸೈಡ್‌ಬೋರ್ಡ್ ಇರುತ್ತದೆ. ಲೇಖನ ಇದರ ಹೆಸರನ್ನೇ ಎತ್ತಿಲ್ಲ. ನೀಲಿ ಮತ್ತು ಕೆಂಪಿನ ಜೋಡಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ. ‘ಪೈರೋಬ್ಲಾಸ್ಟ್’ ಒಂದೇ ಕೆಂಪು ಮಾನಾಕ್ಕೆ ನೀಲಿ ಮಂತ್ರವನ್ನು ತಡೆಯುತ್ತದೆ, ‘ಹೈಡ್ರೋಬ್ಲಾಸ್ಟ್’ ಒಂದೇ ನೀಲಿ ಮಾನಾಕ್ಕೆ ಕೆಂಪು ಮಂತ್ರವನ್ನು ತಡೆಯುತ್ತದೆ. ಎರಡನ್ನೂ ಇಟ್ಟುಕೊಳ್ಳಬಲ್ಲ ಡೆಕ್ ನಮ್ಮದು. ಆದರೆ ಎಷ್ಟೆಷ್ಟು ಎಂಬುದನ್ನು ನಿರ್ಧರಿಸಲು ಆ ಅಂಗಡಿಗೆ ಯಾರು ಯಾವ ಬಣ್ಣ ಹಿಡಿದು ಬರುತ್ತಾರೆಂಬುದನ್ನು ನೋಡಿಟ್ಟುಕೊಂಡಿರಬೇಕು. ಮಗಳು ಅದಕ್ಕೆಂದೇ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಕಾಲೇಜಿನ ಟಿಪ್ಪಣಿಗಳಿಗಿಂತ ಅದರಲ್ಲಿ ಅಕ್ಷರ ದುಂಡಗಿದೆ.

ಲೇಖನಮಾಲೆ ಮುಂದುವರಿಯುತ್ತದೆಂದು ತಾವು ಪ್ರಕಟಿಸಿದ್ದೀರಿ. ಆ ಚೌಕಟ್ಟನ್ನು ಕತ್ತರಿಸಿ ಇಟ್ಟುಕೊಂಡ ಮಕ್ಕಳು ಇರುತ್ತಾರೆ. ಆದ್ದರಿಂದ ಮುಂದಿನ ಕಂತಿನಲ್ಲಿ ಅಷ್ಟೇ ಗಾತ್ರದ ಚೌಕಟ್ಟಿನಲ್ಲಿ ಅದಕ್ಕೆ ತಿದ್ದುಪಡಿ ಬರಲಿ ಎಂದು ಕೋರುತ್ತೇನೆ. ಲೆಕ್ಕಗಳನ್ನು ಹಂತ ಹಂತವಾಗಿ ಬರೆದ ಹಾಳೆಯೊಂದನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇತಿ,
ಗಣಿತ ಉಪನ್ಯಾಸಕ,
ಮೈಸೂರು