ನಮ್ಮ ಹೆರಾಲ್ಡ್ ರಸ್ತೆಗಿಳಿಯಿತು: ತಗಡು ಬಡಿದ ಕೈಗಳಿಗೆ ನಮಸ್ಕಾರ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಮ್ಮ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಮತ್ತೆ ರಸ್ತೆಗಿಳಿಯಿತು. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದೆವು. ಫೋಟೋ ನೋಡಿದವರೆಲ್ಲ ಬಣ್ಣ ಎಷ್ಟು ಚೆನ್ನಾಗಿದೆ ಅಂದರು. ನಿಜ, ಬಣ್ಣ ಹೊಡೆದವರದ್ದು ಅಚ್ಚುಕಟ್ಟಾದ ಕೆಲಸ. ಆದರೆ ಅದರ ಕೆಳಗಿರುವ ತಗಡಿನ ಕೆಲಸ ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಮಾಡಿದವರ ಬಗ್ಗೆ ನಾಲ್ಕು ಜನರ ಮುಂದೆ ಹೇಳಲೇಬೇಕು.

ಹೆರಾಲ್ಡ್ ನೋಡಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬ್ರಿಟನ್ನಿನ ಟ್ರಯಂಫ್ ಕಂಪನಿ 1959ರಲ್ಲಿ ತಂದ ಕಾರು ಇದು. ರೂಪ ಕೊಟ್ಟವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಬಾನೆಟ್ ಎತ್ತಿದರೆ ಎರಡೂ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ನಮ್ಮಲ್ಲಿ ಇದನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ತಯಾರಿಸುತ್ತಿತ್ತು. ಮೊದಲು ಎರಡು ಬಾಗಿಲು. 60ರ ದಶಕದ ಕೊನೆಗೆ ನಾಲ್ಕು ಬಾಗಿಲಿನ ಮಾರ್ಕ್ ತ್ರೀ ಬಂತು. ಅಪ್ಪ ಕೊಂಡಿದ್ದು ಅದನ್ನೇ.

ತೊಂದರೆ ಬಂದದ್ದೂ ಅಲ್ಲೇ. ಬ್ರಿಟನ್ನಿನಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡ್ ಬರಲೇ ಇಲ್ಲ. ಎರಡು ಬಾಗಿಲಿನ ಕಾರಿನ ಎಷ್ಟೋ ಭಾಗಗಳನ್ನು ಅಲ್ಲಿಂದ ದುಡ್ಡು ಕೊಟ್ಟು ತರಿಸಬಹುದು. ಹಿಂದಿನ ಬಾಗಿಲು ಮಾತ್ರ ಯಾರ ಹತ್ತಿರವೂ ಹೊಸದು ಸಿಗಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿನಲ್ಲಿ ಸಿಕ್ಕ ಒಂದೇ ಒಂದು ಬಾಗಿಲು ನಮ್ಮದಕ್ಕಿಂತ ಜಾಸ್ತಿ ತುಕ್ಕು ತಿಂದಿತ್ತು. ಹಿಡಿ, ಬೀಗ, ಗಾಜು ಏರಿಸುವ ಸಾಮಾನು ಚೆನ್ನಾಗಿದ್ದವು. ಅಂಗಡಿಯ ಅಜ್ಜ ಅವನ್ನಷ್ಟೇ ಬಿಚ್ಚಿ ಕೊಟ್ಟರು, ಹೆಚ್ಚು ದುಡ್ಡನ್ನೂ ಕೇಳಲಿಲ್ಲ. ಅವರಿಗೆ ಮೊದಲ ಥ್ಯಾಂಕ್ಸ್.

ಬಾಗಿಲ ಕೆಳಭಾಗ ಕೊಳೆಯುವುದು ಒಳಗಿನಿಂದ. ಗಾಜಿನ ಪಕ್ಕದ ರಬ್ಬರ್ ಒಣಗಿ ಬಿರಿದರೆ ಮಳೆ ನೀರು ಬಾಗಿಲೊಳಗೆ ಇಳಿಯುತ್ತದೆ. ಅದು ಹರಿದು ಹೋಗಲೆಂದೇ ಕೆಳಗೆ ಸಣ್ಣ ತೂತುಗಳಿರುತ್ತವೆ. ಅವುಗಳಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ತಗಡನ್ನು ತಿನ್ನುತ್ತದೆ. ನಮ್ಮ ಕಾರಿನಲ್ಲಿ ಹಿಂದೆ ಯಾವುದೋ ಗ್ಯಾರೇಜಿನವರು ಇದಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಕೆರೆದಾಗ ಬೆರಳು ದಪ್ಪದ ಪುಟ್ಟಿ ಉದುರಿತು. ಆಮೇಲೆ ತೋರಿಸಿದ ಕಡೆಯೆಲ್ಲ ಒಂದೇ ಮಾತು, ಸ್ಕ್ರ್ಯಾಪಿಗೆ ಹಾಕಿ ಅಂತ.

ಹಾಗನ್ನದವರು ನಮ್ಮ ಟಿಂಕರಿಂಗ್ ಮೇಸ್ತ್ರಿ ಒಬ್ಬರೇ. ಹೆಸರು ಹಾಕಬೇಡಿ ಸರ್ ಅಂದಿದ್ದಾರೆ, ಅದಕ್ಕೇ ಹಾಕುತ್ತಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲ ಮೇಲೆ ಕೈಯಾಡಿಸಿ, "ಹೊಸದೇ ಮಾಡೋಣ ಸರ್. ಆದ್ರೆ ಅಳತೆ ಬೇಕು. ಅಂದಾಜಿನ ಮೇಲೆ ಬಡಿಯೋಕಾಗಲ್ಲ" ಅಂದರು.

ಅಳತೆ ಕೊಟ್ಟವರು ಚೆನ್ನೈನ ಒಬ್ಬ ಹಿರಿಯರು. ಅವರ ನಾಲ್ಕು ಬಾಗಿಲಿನ ಹೆರಾಲ್ಡ್ ಇವತ್ತಿಗೂ ಓಡುತ್ತದೆ. ಗುರುತು ಪರಿಚಯ ಇಲ್ಲದ ನಾವು ಹೋಗಿ ನಿಂತರೆ ಊಟ ಹಾಕಿ, ಕಾರು ಬಿಟ್ಟುಕೊಟ್ಟರು. ಬಣ್ಣಕ್ಕೆ ಗೀರು ಬೀಳದಂತೆ ಟೇಪ್ ಅಂಟಿಸಿ, ಬಾಗಿಲ ಉಬ್ಬನ್ನು ಮೇಲಿನಿಂದ ಕೆಳಗಿನವರೆಗೂ ರಟ್ಟಿನಲ್ಲಿ ಕತ್ತರಿಸಿಕೊಂಡೆವು. ಐಯಾ, ನೀವು ಆವತ್ತು ಒಪ್ಪದಿದ್ದರೆ ಕೆಲಸ ಶುರುವೇ ಆಗುತ್ತಿರಲಿಲ್ಲ.

ಆ ರಟ್ಟು ನೋಡಿ ನಮ್ಮ ಬೀದಿಯ ಬಡಗಿ ಪ್ಲೈವುಡ್ಡಿನಲ್ಲಿ ಅಚ್ಚು ಮಾಡಿಕೊಟ್ಟರು. ಅಡ್ಡಡ್ಡ ಹಲಗೆಗಳನ್ನು ನಿಲ್ಲಿಸಿದ ಆ ಅಚ್ಚು ಎದೆಗೂಡಿನ ಹಾಗೇ ಕಾಣುತ್ತಿತ್ತು. ತಗಡು ಅದರ ಮೇಲೆ ಎಲ್ಲೂ ಎದ್ದು ನಿಲ್ಲದೆ ಕೂರಬೇಕು. ಎಲ್ಲಿ ಸಂದು ಕಂಡಿತೋ ಅಲ್ಲಿ ಮತ್ತೆ ಕೆಲಸ.

ಇನ್ನು ಮೇಸ್ತ್ರಿ ಕೆಲಸ. ಬಾಗಿಲಿಗೆ ತಂದದ್ದು 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ತಗಡು, ಅಂದರೆ ಸುಮಾರು 0.9 ಮಿ.ಮೀ. ದಪ್ಪ. ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಲ್ಲಿ ಬಡಿದರೆ ಮೊದಲ ಉಬ್ಬು ಬರುತ್ತದೆ. ಆಗ ತಗಡು ಪೂರ್ತಿ ಗುಂಡಿ ಗುಂಡಿ. ಅದನ್ನು ನಯ ಮಾಡುವುದು ಇಂಗ್ಲಿಷ್ ವೀಲ್. ಮೇಲೆ ದೊಡ್ಡ ಚಪ್ಪಟೆ ಚಕ್ರ, ಕೆಳಗೆ ಉಬ್ಬಿದ ಸಣ್ಣ ಚಕ್ರ. ನಡುವೆ ತಗಡನ್ನು ಹಿಂದೆ ಮುಂದೆ ಎಳೆದಾಡಿದಷ್ಟೂ ಅದು ಚೂರು ತೆಳುವಾಗಿ ಹಿಗ್ಗುತ್ತದೆ. ಹಿಗ್ಗಿದ್ದು ಬೇರೆಲ್ಲಿಗೆ ಹೋಗಬೇಕು? ಉಬ್ಬಾಗಿ ಏಳುತ್ತದೆ. ಮೇಸ್ತ್ರಿ ಆ ಯಂತ್ರವನ್ನು ಹಳೇ ಬೇರಿಂಗ್ ಮತ್ತು ಕಬ್ಬಿಣದ ಚೌಕಟ್ಟಿನಿಂದ ತಾವೇ ಮಾಡಿಕೊಂಡಿದ್ದಾರೆ.

ನಡುನಡುವೆ ಅಂಗೈಗೆ ತೆಳು ಬಟ್ಟೆ ಹಿಡಿದು, ಕಣ್ಣು ಮುಚ್ಚಿ ತಗಡಿನ ಮೇಲೆ ಸವರುತ್ತಿದ್ದರು. "ಇಲ್ಲಿ ತಗ್ಗಿದೆ" ಅನ್ನುತ್ತಿದ್ದರು. ನನಗೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಅರ ಹಿಡಿದು ಉಜ್ಜಿದರೆ ಸುತ್ತ ಎಲ್ಲ ಹೊಳೆಯುತ್ತಿತ್ತು, ಅವರು ಬೆರಳಿಟ್ಟ ಜಾಗ ಮಾತ್ರ ಮಂಕಾಗಿಯೇ ಉಳಿಯುತ್ತಿತ್ತು. ಒಳಗಿನಿಂದ ಡಾಲಿ, ಅಂದರೆ ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ ಕೊಟ್ಟು, ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಅದನ್ನೂ ಸಮ ಮಾಡಿದರು.

ಚಕ್ರದ ಮೇಲಿನ ಕಮಾನಿಗೆ ಹೊಸ ತುಂಡು ಬೆಸೆಯುವಾಗ ಗ್ಯಾಸ್ ವೆಲ್ಡಿಂಗೇ ಬೇಕು ಅಂತ ಹಟ ಹಿಡಿದರು. ಕಾರಣ ಇದೆ. ಗ್ಯಾಸಿನ ಬೆಸುಗೆ ಮೆತ್ತಗಿರುತ್ತದೆ, ಆಮೇಲೆ ಸುತ್ತಿಗೆಗೆ ಬಗ್ಗುತ್ತದೆ. ಬೆಸುಗೆ ಆರುವಾಗ ಕುಗ್ಗಿ ಸುತ್ತಲಿನ ತಗಡನ್ನು ಎಳೆದುಕೊಳ್ಳುತ್ತದೆ. ಅದನ್ನು ಬಡಿದು ಹಿಗ್ಗಿಸಿ ಮೊದಲಿನ ಸ್ಥಿತಿಗೆ ತರಬೇಕು. ಇದಕ್ಕೆ ಬೇಕಾದ ತಾಳ್ಮೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಪ್ರೈಮರ್ ಹೊಡೆಯುವ ಮುಂಚೆ ಬಾಗಿಲು ಬರೀ ತಗಡಾಗಿ ನಿಂತಿತ್ತಲ್ಲ, ನನ್ನ ಪ್ರಕಾರ ಕಾರು ಅತಿ ಚೆಂದ ಕಂಡದ್ದು ಆವತ್ತೇ.

ಮೇಸ್ತ್ರಿ ಜೊತೆಗಿದ್ದ ಹುಡುಗನನ್ನು ಹೇಗೆ ಮರೆಯಲಿ? ಬಾಗಿಲ ಅಂಚು ಮಡಚುವಾಗ ಎದುರಿನಿಂದ ಡಾಲಿ ಒತ್ತಿ ಹಿಡಿದವನು ಅವನೇ. ಎರಡನೇ ಬಾಗಿಲ ಅಂಚನ್ನು ಪೂರ್ತಿ ಅವನೇ ಮಡಚಿದ, ಮೇಸ್ತ್ರಿ ಪಕ್ಕದಲ್ಲಿ ಸುಮ್ನೆ ನಿಂತು ನೋಡಿದರು. ನೀನು ಈ ಕೆಲಸ ಬಿಡಬೇಡ ಕಣಪ್ಪ. ಅಕ್ಕಪಕ್ಕದ ಮನೆಯವರೇ, ಆ ಬಡಿತದ ಸದ್ದನ್ನು ಇಷ್ಟು ಕಾಲ ಸಹಿಸಿಕೊಂಡಿರಿ, ಒಬ್ಬರೂ ಮುಖ ಗಂಟಿಕ್ಕಲಿಲ್ಲ. ದೊಡ್ಡ ಉಪಕಾರ.

50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳ ನೋಂದಣಿಗೆ 2021ರಲ್ಲಿ ಬೇರೆಯೇ ನಿಯಮ ಬಂದಿದೆ. ಹಾಗಾಗಿ ಶೆಡ್ಡಿನಲ್ಲಿರುವ ಹಳೇ ಕಾರುಗಳನ್ನು ಹೊರಗೆ ತೆಗೆಯುವವರು ಈಗ ಜಾಸ್ತಿ. ನಾಲ್ಕು ಬಾಗಿಲಿನ ಹೆರಾಲ್ಡ್ ಇಟ್ಟುಕೊಂಡವರು ಯಾರಾದರೂ ಇದ್ದರೆ ಕೇಳಿ: ಹಿಂದಿನ ಬಾಗಿಲಿನ ರಟ್ಟು, ಪ್ಲೈವುಡ್ ಅಚ್ಚು ಎರಡೂ ನಮ್ಮ ಮನೆಯಲ್ಲಿವೆ. ಬಂದು ತಗೊಂಡು ಹೋಗಿ, ಕೆಲಸ ಮುಗಿದ ಮೇಲೆ ವಾಪಸ್ ಕೊಟ್ಟರೆ ಸಾಕು. ಎಡ ಯಾವುದು, ಬಲ ಯಾವುದು ಅಂತ ಮೇಸ್ತ್ರಿ ಅದರ ಮೇಲೇ ಬರೆದಿಟ್ಟಿದ್ದಾರೆ.